ಸೊಳ್ಳೆ ಕಚ್ಚಿದ್ಮೇಲೆ ಮೈಯೊಳಗೆ ಏನ್ ನಡೆಯುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಪ್ಪತ್ತೆಂಟು ವರ್ಷ ಲ್ಯಾಬ್‌ನಲ್ಲಿ ರಕ್ತದ ಸ್ಲೈಡ್ ನೋಡ್ತಾ ಕೂತವನು, ಮೊದಲು ಕಾರವಾರದ ಕಡೆ, ಆಮೇಲೆ ಶಿರಸಿ. ಈಗ ರಿಟೈರ್ ಆಗಿದೀನಿ, ಆದ್ರೂ ಮಳೆಗಾಲ ಹಿಡೀತು ಅಂದ್ರೆ ಫೋನ್ ಶುರು, ಬೈತ್‌ಕೋಲ್ ಕಡೆಯ ಬೋಟಿನವರು, ತೋಟದ ಕೆಲಸದವರು, ಪರಿಚಯದ ಮಾಸ್ತರ್ರು, ಎಲ್ಲರೂ ಕೇಳೋದು ಹೆಚ್ಚೂಕಡಿಮೆ ಅವೇ ಪ್ರಶ್ನೆ. ಔಷಧಿ ಬಗ್ಗೆ ಡಾಕ್ಟರ್ ಹೇಳ್ತಾರೆ. ಆದ್ರೆ ಮಲೇರಿಯಾ ಥರದ ರೋಗಾಣು ಮೈಗೆ ಹೊಕ್ಕ ಮೊದಲ ಗಂಟೆ, ಮೊದಲ ವಾರ ನಮ್ಮ ದೇಹ ಏನ್ ಮಾಡುತ್ತೆ ಅನ್ನೋದನ್ನ ಯಾರೂ ಕೂತು ಹೇಳಲ್ಲ, ಅದು ಗೊತ್ತಾದ್ರೆ ರಕ್ತ ಪರೀಕ್ಷೆಗೆ ಯಾಕೆ ಅಷ್ಟು ಬಡ್ಕೋತೀವಿ ಅನ್ನೋದೂ ತನ್ನಿಂದ ತಾನೇ ಅರ್ಥ ಆಗುತ್ತೆ.

ಸೊಳ್ಳೆ ಕಚ್ಚಿದ ಕೂಡ್ಲೆ ರೋಗಾಣು ಸೀದಾ ರಕ್ತಕ್ಕೆ ಹೋಗುತ್ತಾ?

ಇಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಮಲೇರಿಯಾ ಹರಡೋ ಹೆಣ್ಣು ಅನಾಫಿಲಿಸ್ ಸೊಳ್ಳೆ ಸೊಂಡಿಲು ಚುಚ್ಚಿ ರಕ್ತನಾಳ ಹುಡುಕ್ತಾ ಇರುವಾಗ ಎಂಜಲು ಬಿಡುತ್ತೆ, ಆ ಎಂಜಲಿನ ಜೊತೆ ಸ್ಪೋರೊಜೊಯಿಟ್ ಅನ್ನೋ ದಾರದ ತುಂಡಿನ ಹಾಗಿರೋ ರೋಗಾಣು ಚರ್ಮಕ್ಕೆ ಬೀಳುತ್ತೆ. ಎಷ್ಟು ಅಂತೀರಿ, ಹೆಚ್ಚಿನ ಸಲ ನೂರಕ್ಕಿಂತ ಕಮ್ಮಿ. ಅವು ಚರ್ಮದೊಳಗೆ ತೆವಳ್ತಾ ತೆವಳ್ತಾ ಒಂದು ಸಣ್ಣ ರಕ್ತನಾಳ ಸಿಗೋ ತನಕ ಅಲೀತಾವೆ, ಕೆಲವಕ್ಕೆ ಕೆಲವೇ ನಿಮಿಷ ಸಾಕು, ಕೆಲವು ಗಂಟೆಗಟ್ಟಲೆ ಅಲ್ಲೇ ಇರ್ತಾವೆ, ಕೆಲವಕ್ಕೆ ದಾರಿ ಸಿಗೋದೇ ಇಲ್ಲ. ಅಂದ್ರೆ ಮೊದಲ ಕಾದಾಟ ನಡೆಯೋದು ರಕ್ತದಲ್ಲಲ್ಲ, ಚರ್ಮದಲ್ಲಿ, ನಾವು ಕೈಯಿಂದ ಪಟ್ ಅಂತ ಹೊಡೆದು ಮರೆತುಬಿಡೋ ಜಾಗದಲ್ಲೇ.

ಹಾಗಾದ್ರೆ ತುರಿಕೆ ಬರೋದು ರೋಗಾಣುವಿನಿಂದಲಾ?

ಅಲ್ಲ, ಎಂಜಲಿನಿಂದ. ರಕ್ತ ಹೆಪ್ಪುಗಟ್ಟಬಾರದು, ನಾಳ ಅಗಲ ಆಗಬೇಕು ಅಂತ ಸೊಳ್ಳೆ ತನ್ನ ಎಂಜಲಲ್ಲಿ ಹತ್ತಾರು ಥರದ ಪ್ರೋಟೀನ್ ಇಟ್ಕೊಂಡಿರುತ್ತೆ. ಚರ್ಮದೊಳಗೆ ಕಾವಲು ಕೂತಿರೋ ಮಾಸ್ಟ್ ಸೆಲ್‌ಗಳು ಅದನ್ನ ಗುರುತಿಸಿ ಹಿಸ್ಟಮಿನ್ ಬಿಡ್ತಾವೆ, ಜಾಗ ಕೆಂಪಾಗಿ ಊದಿಕೊಳ್ಳುತ್ತೆ, ತುರಿಕೆ ಏಳುತ್ತೆ. ಆ ಊತದ ಜಾಗಕ್ಕೆ ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣ ಓಡಿ ಬರ್ತಾವೆ, ಹಿಂದೆ ಇನ್ನೂ ದೊಡ್ಡ ತಿನ್ನುವ ಕಣಗಳು. ತುರಿಕೆ ಹೆಚ್ಚಿದ್ರೆ ರೋಗ ಹೆಚ್ಚು ಅಂತಲ್ಲ, ತುರಿಕೆ ಇಲ್ಲ ಅಂದ್ರೆ ರೋಗ ಇಲ್ಲ ಅಂತಲೂ ಅಲ್ಲ. ರೋಗಾಣು ಇರೋ ಸೊಳ್ಳೆಗೂ ಇಲ್ಲದ ಸೊಳ್ಳೆಗೂ ಕಚ್ಚಿದ ಗುರುತು ಒಂದೇ ಥರ.

ಈ ಮೊದಲ ಕಾವಲು ಅಂದ್ರೆ ಯಾವುದು? ಲಸಿಕೆಯಿಂದ ಬರೋ ಶಕ್ತಿನಾ?

ಅದು ಬೇರೆ, ಇದು ಬೇರೆ. ಲಸಿಕೆ ಹಾಕ್ಸಿದ್ಮೇಲೆ ಅಥವಾ ಒಮ್ಮೆ ಕಾಯಿಲೆ ಬಂದು ಹೋದ್ಮೇಲೆ ಬರೋದು ಕಲಿತ ರಕ್ಷಣೆ, ಅದು ತಯಾರಾಗೋಕೆ ವಾರ ಬೇಕು. ನಾನು ಹೇಳ್ತಿರೋದು ಹುಟ್ಟಿನಿಂದಲೇ ಇರೋದು, ಪುಸ್ತಕದಲ್ಲಿ ಸಹಜ ರೋಗನಿರೋಧಕ ಶಕ್ತಿ ಅಂತಾರೆ, ಇದು ಈ ರೋಗಾಣು ಯಾರು ಅಂತ ಹೆಸರು ಕೇಳಲ್ಲ, ನಮ್ಮವರ ಥರ ಕಾಣ್ತಿಲ್ಲ ಅಂದ್ರೆ ಸಾಕು, ನಿಮಿಷದಲ್ಲಿ ಮೇಲೆ ಬೀಳುತ್ತೆ. ಊರಿಗೆ ಹೊಸಬ ಬಂದ್ರೆ ಮೊದಲು ನಾಯಿ ಬೊಗಳುತ್ತೆ, ಆಮೇಲೆ ಮನೆಯವರು ಎದ್ದು ಬಂದು ಯಾರು ಎಲ್ಲಿಂದ ಅಂತ ವಿಚಾರಿಸ್ತಾರಲ್ಲ, ಹಾಗೆ.

ಅದರಲ್ಲಿ ಯಾರ್ಯಾರಿದಾರೆ ಅಂದ್ರೆ ಚರ್ಮ, ರೋಗಾಣುವನ್ನ ನುಂಗೋ ಮ್ಯಾಕ್ರೊಫೇಜ್ ಮತ್ತು ನ್ಯೂಟ್ರೊಫಿಲ್, ಕೆಟ್ಟ ಜೀವಕೋಶವನ್ನ ಕೊಲ್ಲೋ ಎನ್‌ಕೆ ಸೆಲ್, ಮತ್ತೆ ರಕ್ತದ ನೀರಿನಲ್ಲೇ ತೇಲ್ತಿರೋ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನ್ ಗುಂಪು, ಇದು ಹೊರಗಿನ ಜೀವಿಯ ಮೈಗೆ ಅಂಟಿಕೊಂಡು ತೂತು ಕೊರೆಯುತ್ತೆ. ನುಂಗೋ ಕಣಗಳನ್ನ ಮೊದಲು ಗುರುತಿಸಿದವರು ಮೆಚ್ನಿಕೋಫ್, 1882ರಲ್ಲಿ, ನಕ್ಷತ್ರಮೀನಿನ ಮರಿ ಮೈಗೆ ಮುಳ್ಳು ಚುಚ್ಚಿ ನೋಡಿದ್ರು, ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಆದ್ರೆ ಈ ಕಾವಲಿಗೆ ಅನ್ಯರ ಸುಳಿವು ಹೇಗೆ ಸಿಗುತ್ತೆ, ಟೋಲ್ ಅನ್ನೋ ಗುರುತಿನ ಪ್ರೋಟೀನ್ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನೊಬೆಲ್ ಬಂದಿದ್ದು 2011ರಲ್ಲಿ. ನೂರು ವರ್ಷದ ಮೇಲೆ. ಇಷ್ಟು ಹಳೇ ಕಾವಲನ್ನ ನಾವು ಸರಿಯಾಗಿ ನೋಡೋಕೆ ಶುರು ಮಾಡಿದ್ದೇ ಮೊನ್ನೆ ಮೊನ್ನೆ.

ಇಷ್ಟೆಲ್ಲ ಕಾವಲಿದ್ರೂ ಮಲೇರಿಯಾ ಹೇಗೆ ನುಸುಳುತ್ತೆ?

ಇದೇ ನನಗೆ ಅತಿ ಹೆಚ್ಚು ಕಾಡಿದ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ, ಸಾವಧಾನವಾಗಿ ಓದಿ.

ಚರ್ಮ ದಾಟಿದ ಸ್ಪೋರೊಜೊಯಿಟ್ ರಕ್ತದಲ್ಲಿ ತೇಲಿ ಲಿವರ್‌ಗೆ ಹೋಗುತ್ತೆ. ಲಿವರಿನ ಸಣ್ಣ ನಾಳಗಳ ಗೋಡೆಗೆ ಅಂಟಿ ಕುಪ್ಫರ್ ಸೆಲ್ ಅನ್ನೋ ಮ್ಯಾಕ್ರೊಫೇಜ್‌ಗಳು ಕೂತಿರ್ತಾವೆ, ರಕ್ತದಲ್ಲಿ ಹರಿದು ಬರೋ ಕಸ, ಬ್ಯಾಕ್ಟೀರಿಯಾ ಎಲ್ಲ ಹಿಡಿದು ತಿನ್ನೋದು ಅವುಗಳ ಕೆಲಸ. ಗೋವಾದಿಂದ ಬರುವಾಗ ಮಾಜಾಳಿ ಚೆಕ್‌ಪೋಸ್ಟ್ ಇದೆಯಲ್ಲ, ಹಾಗೆ ಅಂತ ಇಟ್ಕೊಳ್ಳಿ. ಸ್ಪೋರೊಜೊಯಿಟ್ ಏನ್ ಮಾಡುತ್ತೆ ಅಂದ್ರೆ ಈ ಚೆಕ್‌ಪೋಸ್ಟ್ ತಪ್ಪಿಸಿಕೊಂಡು ಹೋಗೋದಲ್ಲ, ಎಷ್ಟೋ ಸಲ ಆ ಕಾವಲುಗಾರನ ಮೈಯೊಳಗಿಂದಲೇ ಹಾದು ಆಚೆ ಹೋಗುತ್ತೆ! ಅದರ ಮೈಮೇಲಿನ ಪ್ರೋಟೀನ್ ಕುಪ್ಫರ್ ಸೆಲ್‌ನ ಸುಡುವ ಅಸ್ತ್ರವನ್ನ ತಣ್ಣಗೆ ಮಾಡಿಬಿಡುತ್ತೆ ಅಂತ ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದಾರೆ.

ಆಮೇಲೆ ಒಂದು ಲಿವರ್ ಕೋಶದೊಳಗೆ ಹೊಕ್ಕು ತನ್ನ ಸುತ್ತ ಒಂದು ಪರದೆ ಕಟ್ಟಿಕೊಂಡು ಕೂತುಬಿಡುತ್ತೆ. ಅಲ್ಲಿ ಸುಮಾರು ಒಂದು ವಾರ. ಒಂದು ಹೋದದ್ದು ಸಾವಿರಾರು ಆಗುತ್ತೆ, ಫಾಲ್ಸಿಪಾರಂ ಅನ್ನೋ ಮಲೇರಿಯಾ ಜಾತಿಯಾದ್ರೆ ಹತ್ತಾರು ಸಾವಿರ. ಆ ಇಡೀ ವಾರ ನಿಮಗೆ ಜ್ವರ ಇಲ್ಲ, ಸುಸ್ತಿಲ್ಲ, ಊಟ ಸೇರುತ್ತೆ, ಬೋಟಿಗೆ ಹೋಗ್ತೀರಿ, ತೋಟಕ್ಕೆ ಮದ್ದು ಹೊಡೀತೀರಿ. ದೇಹಕ್ಕೆ ಪೂರ್ತಿ ಗೊತ್ತಾಗೋದೇ ಇಲ್ಲ ಅಂತಲ್ಲ, ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಲಿವರ್ ಕೋಶ ಒಳಗಿನ ರೋಗಾಣುವಿನ ಆರ್‌ಎನ್‌ಎ ಗುರುತಿಸಿ ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಬಿಡೋದು ಕಂಡಿದೆ, ಒಂದಷ್ಟು ರೋಗಾಣು ಅಲ್ಲೇ ಸಾಯ್ತಾವೆ ಕೂಡ. ಆದ್ರೆ ಆ ಎಚ್ಚರಿಕೆ ಜೋರಾಗೋ ಹೊತ್ತಿಗೆ ಉಳಿದವು ಹೊರಡೋಕೆ ತಯಾರಾಗಿರ್ತಾವೆ.

ಹೊರಡುವಾಗಲೂ ಎಂಥ ಉಪಾಯ ನೋಡಿ. ಬಿಡಿಬಿಡಿಯಾಗಿ ಹೊರಬಂದ್ರೆ ಕುಪ್ಫರ್ ಸೆಲ್ ಹಿಡಿದು ತಿನ್ನುತ್ತೆ, ಅದಕ್ಕೆ ಲಿವರ್ ಕೋಶದ ಪೊರೆಯನ್ನೇ ಹೊದ್ದುಕೊಂಡು ಗಂಟು ಗಂಟಾಗಿ ರಕ್ತನಾಳಕ್ಕೆ ಜಾರ್ತಾವೆ. ಸಾಯ್ತಿರೋ ಕೋಶ ಸಾಮಾನ್ಯವಾಗಿ ನನ್ನನ್ನ ತಿಂದುಬಿಡು ಅಂತ ಒಂದು ಗುರುತು ಹೊರಗೆ ತೋರ್ಸುತ್ತೆ, ಆ ಗುರುತು ಹೊರಗೆ ಬರದ ಹಾಗೆ ರೋಗಾಣು ತಡೆದಿರುತ್ತೆ. ಕಾವಲುಗಾರನ ಕಣ್ಣಿಗೆ ಅದು ನಮ್ಮನೇದೇ ಸಾಮಾನು. ಕಾಗೆ ಗೂಡಲ್ಲಿ ಕೋಗಿಲೆ ಮರಿ ಬೆಳೆದ ಹಾಗೆ.

ಜ್ವರ ಯಾವಾಗ, ಯಾಕೆ ಬರುತ್ತೆ? ಚಳಿ ನಡುಕ ಯಾಕೆ?

ಫಾಲ್ಸಿಪಾರಂಗೆ ಕಚ್ಚಿದ 9ರಿಂದ 14 ದಿನಕ್ಕೆ, ವೈವಾಕ್ಸ್ ಅನ್ನೋ ಇನ್ನೊಂದು ಮಲೇರಿಯಾ ಜಾತಿಗೆ ಇನ್ನೂ ಸ್ವಲ್ಪ ತಡವಾಗಿ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಟ್ಟು. ರಕ್ತಕ್ಕೆ ಇಳಿದ ರೋಗಾಣು ಕೆಂಪು ರಕ್ತಕಣದೊಳಗೆ ಸೇರ್ಕೊಂಡು ಹಿಮೊಗ್ಲೋಬಿನ್ ತಿಂದು ಬೆಳೀತಾವೆ, 48 ಗಂಟೆಗೆ ಕಣ ಒಡೆದು ಹತ್ತಿಪ್ಪತ್ತು ಮರಿ ಹೊರಬಂದು ಮತ್ತೆ ಬೇರೆ ಕಣ ಹೊಗ್ತಾವೆ. ಕಣ ಒಡೆಯೋ ಹೊತ್ತಿಗೆ ಒಳಗಿನ ಕಸ ಎಲ್ಲ ರಕ್ತಕ್ಕೆ ಚೆಲ್ಲುತ್ತೆ, ಮುಖ್ಯವಾಗಿ ಹೀಮೊಜೊಯಿನ್ ಅನ್ನೋ ಕಂದು ಹರಳು ಮತ್ತು ಅದಕ್ಕೆ ಅಂಟಿದ ರೋಗಾಣುವಿನ ಡಿಎನ್‌ಎ. ಹಿಮೊಗ್ಲೋಬಿನ್ ತಿಂದಾಗ ಉಳಿಯೋ ಹೀಮ್ ರೋಗಾಣುವಿಗೇ ವಿಷ, ಅದನ್ನ ಹರಳು ಮಾಡಿ ಪಕ್ಕಕ್ಕಿಡುತ್ತೆ. ನಮ್ಮ ಮ್ಯಾಕ್ರೊಫೇಜ್‌ಗಳ ಟೋಲ್ ಗುರುತುಗಾರರು ಈ ಕಸ ನೋಡಿ ಬೊಬ್ಬೆ ಹೊಡೀತಾರೆ, ಟಿಎನ್‌ಎಫ್, ಐಎಲ್-1, ಐಎಲ್-6 ಅನ್ನೋ ಸುದ್ದಿ ಒಯ್ಯೋ ಪ್ರೋಟೀನ್‌ಗಳು ರಕ್ತ ಸೇರಿ ಮೆದುಳಿನ ಉಷ್ಣ ನಿಯಂತ್ರಣದ ಕಡೆ ಹೋಗ್ತಾವೆ, ಅಲ್ಲಿ ಮಟ್ಟ ಏರುತ್ತೆ. ಮಟ್ಟ 37ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದ ಕೂಡ್ಲೆ ದೇಹಕ್ಕೆ ತಾನು ತಣ್ಣಗಿದೀನಿ ಅನ್ಸುತ್ತೆ, ಬಿಸಿ ಮಾಡ್ಕೊಳ್ಳೋಕೆ ಸ್ನಾಯು ನಡುಗುತ್ತೆ. ಮೂರು ಕಂಬಳಿ ಹೊದ್ರೂ ಚಳಿ ಬಿಡದೇ ಇರೋದು ಅದಕ್ಕೇ.

ಇದನ್ನ ಒತ್ತಿ ಹೇಳ್ಬೇಕು: ಜ್ವರ ಮಾಡೋದು ರೋಗಾಣು ಅಲ್ಲ, ನಮ್ಮ ಕಾವಲೇ. ದಿನ ಬಿಟ್ಟು ದಿನ ಬರೋದು ಎಲ್ಲ ರೋಗಾಣು ಒಂದೇ ಹೊತ್ತಿಗೆ ಕಣ ಒಡೆಯೋದ್ರಿಂದ. ಆದ್ರೆ ಶುರುವಿನಲ್ಲಿ ಅವು ಬೇರೆ ಬೇರೆ ಹೊತ್ತಿಗೆ ಒಡೀತಾವೆ, ಆಗ ಜ್ವರ ದಿನಾ ಇರುತ್ತೆ, ಹಾಗಾಗಿ ದಿನ ಬಿಟ್ಟು ದಿನ ಬರ್ತಿಲ್ಲ, ಇದು ಮಲೇರಿಯಾ ಅಲ್ಲ ಅಂತ ನೀವೇ ತೀರ್ಮಾನ ಮಾಡ್ಬೇಡಿ.

ಸ್ಲೈಡ್ ನೋಡುವಾಗ ಒಂದು ಬಿಳಿ ರಕ್ತಕಣದೊಳಗೆ ಆ ಕಂದು ಹರಳಿನ ಚುಕ್ಕೆ ಕಂಡ್ರೆ ನಾನು ಒಂದು ನಿಮಿಷ ಅಲ್ಲೇ ನಿಂತುಬಿಡ್ತಿದ್ದೆ. ಕಾವಲುಗಾರ ಕಳ್ಳನನ್ನ ತಿಂದ ಸಾಕ್ಷಿ ಅದು, ಗಾಜಿನ ಮೇಲೆ ಕಣ್ಣಾರೆ ಕಾಣುತ್ತೆ.

ಹೊಟ್ಟೆಯ ಎಡಗಡೆ ಗಟ್ಟಿ ಆಗುತ್ತೆ ಅಂತಾರಲ್ಲ, ಅದೇನು?

ಗುಲ್ಮ, ಡಾಕ್ಟರು ಸ್ಪ್ಲೀನ್ ಅಂತಾರಲ್ಲ ಅದು. ಅಲ್ಲಿ ರಕ್ತಕಣಗಳು ತೀರಾ ಕಿರಿದಾದ ಸಂದಿಗಳಲ್ಲಿ ಮೈ ಬಗ್ಗಿಸಿ ತೂರಿ ಹೋಗ್ಬೇಕು, ಆರೋಗ್ಯದ ಕಣ ಮೆತ್ತಗಿರುತ್ತೆ, ತೂರುತ್ತೆ, ರೋಗಾಣು ಹೊಕ್ಕ ಕಣ ಗಡುಸಾಗಿರುತ್ತೆ, ಸಿಕ್ಕಿಬೀಳುತ್ತೆ, ಬಲೆಯ ಕಣ್ಣಿಗೆ ಮೀನು ಸಿಕ್ಕ ಹಾಗೆ. ಕೆಲಸ ಹೆಚ್ಚಾದ ಹಾಗೆ ಗುಲ್ಮ ದಪ್ಪ ಆಗ್ತಾ ಹೋಗುತ್ತೆ. ಹಿಂದೆ ಮಲೇರಿಯಾ ಸರ್ವೆ ಅಂದ್ರೆ ಶಾಲೆಗೆ ಹೋಗಿ ಮಕ್ಕಳ ಹೊಟ್ಟೆ ಮುಟ್ಟಿ ಎಷ್ಟು ಮಕ್ಕಳಿಗೆ ಗುಲ್ಮ ದೊಡ್ಡದಾಗಿದೆ ಅಂತ ಲೆಕ್ಕ ಹಾಕೋದೇ ಆಗಿತ್ತು.

ಫಾಲ್ಸಿಪಾರಂ ಈ ಬಲೆಯನ್ನೂ ತಪ್ಪಿಸೋಕೆ ಕಲಿತಿದೆ. ತಾನಿರೋ ಕಣದ ಮೈಮೇಲೆ ಅಂಟು ಪ್ರೋಟೀನ್ ಹೊರಹಾಕಿ ಮೆದುಳು, ಕಿಡ್ನಿ, ಬಸುರಿಯರಲ್ಲಾದ್ರೆ ಮಾಸು, ಇಲ್ಲೆಲ್ಲ ಸಣ್ಣ ನಾಳದ ಗೋಡೆಗೆ ಅಂಟಿ ಕೂತುಬಿಡುತ್ತೆ, ಗುಲ್ಮದ ಕಡೆ ಹೋಗೋದೇ ಇಲ್ಲ. ಫಾಲ್ಸಿಪಾರಂ ಜೀವ ತೆಗೆಯೋದು ಮುಖ್ಯವಾಗಿ ಇದೇ ಕಾರಣಕ್ಕೆ. ಆ ಅಂಟು ಪ್ರೋಟೀನಿಗೆ ಸುಮಾರು 60 ಜೀನ್ ಇದೆ, ಒಂದು ಸಲಕ್ಕೆ ಒಂದನ್ನ ಹೊರಗೆ ತೋರ್ಸುತ್ತೆ, ದೇಹ ಅದನ್ನ ಗುರುತು ಹಿಡಿಯೋ ಹೊತ್ತಿಗೆ ಇನ್ನೊಂದು. ಯಕ್ಷಗಾನದವರು ಚೌಕಿಗೆ ಹೋಗಿ ವೇಷ ಬದಲಿಸಿ ಮತ್ತೆ ರಂಗಸ್ಥಳಕ್ಕೆ ಬಂದ ಹಾಗೆ, ಪ್ರೇಕ್ಷಕರಿಗೆ ಬೇರೆಯವನೇ ಅನ್ಸುತ್ತೆ.

ವೈವಾಕ್ಸ್ ಕಥೆ ಇನ್ನೊಂದು ಥರ, ಇಂಡೋನೇಷ್ಯಾದ ಪಪುವಾದಲ್ಲಿ ಬೇರೆ ಕಾರಣಕ್ಕೆ ಗುಲ್ಮ ತೆಗೆಸ್ಕೊಂಡವರ ಗುಲ್ಮ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟ ಮಾಡಿದ್ರು, ಅವರ ಮೈಯಲ್ಲಿದ್ದ ರೋಗಾಣುವಿನಲ್ಲಿ ಬಹುಪಾಲು ರಕ್ತದಲ್ಲಲ್ಲ, ಗುಲ್ಮದೊಳಗೇ ಬದುಕಿತ್ತು. ಹಿಡಿದು ಕೊಲ್ಲೋ ಜಾಗದಲ್ಲೇ ಮನೆ!

ಒಮ್ಮೆ ಗುಣ ಆದ ಮಲೇರಿಯಾ ಮತ್ತೆ ಬಂತು, ಸೊಳ್ಳೆ ಕಚ್ಚಿಲ್ಲ. ಹೇಗೆ?

ವೈವಾಕ್ಸ್ ಆಗಿರಬಹುದು. ಅದರ ಕೆಲವು ರೋಗಾಣು ಲಿವರಿನಲ್ಲಿ ಬೆಳೆಯದೇ ಮಲಗಿಬಿಡುತ್ತೆ, ಅದಕ್ಕೆ ಹಿಪ್ನೊಜೊಯಿಟ್ ಅಂತ ಹೆಸರು. ಮಲಗಿದವನು ಸದ್ದು ಮಾಡಲ್ಲ, ಕಾವಲಿಗೂ ಗೊತ್ತಾಗಲ್ಲ. ತಿಂಗಳುಗಳ ನಂತರ ಏಳುತ್ತೆ. ರಕ್ತದಲ್ಲಿರೋದನ್ನ ಕ್ಲೋರೊಕ್ವಿನ್ ಕೊಲ್ಲುತ್ತೆ, ಮಲಗಿರೋದಕ್ಕೆ ಪ್ರಿಮಾಕ್ವಿನ್ ಬೇಕು, ನಮ್ಮಲ್ಲಿ 14 ದಿನ ಕೊಡ್ತಾರೆ. ಮೂರನೇ ದಿನಕ್ಕೆ ಜ್ವರ ಬಿಡುತ್ತೆ, ನಾಲ್ಕನೇ ದಿನಕ್ಕೆ ಮಾತ್ರೆ ಬಿಡ್ತಾರೆ, ಇದನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಅದೇ ಮುಖ ಮೂರು ತಿಂಗಳಿಗೆ ಮತ್ತೆ ಲ್ಯಾಬ್ ಬಾಗಿಲಲ್ಲಿ. ಬಸುರಿಯರಿಗೆ ಪ್ರಿಮಾಕ್ವಿನ್ ಕೊಡಲ್ಲ, ಜಿ6ಪಿಡಿ ಅನ್ನೋ ಕಿಣ್ವ ಕಮ್ಮಿ ಇರೋರಿಗೆ ಅದರಿಂದ ರಕ್ತಕಣ ಒಡೆಯುತ್ತೆ, ಮೂತ್ರ ಕಪ್ಪಗೆ ಹೋದ್ರೆ ಮಾತ್ರೆ ನಿಲ್ಸಿ ಅವತ್ತೇ ಆಸ್ಪತ್ರೆಗೆ ಓಡಿ.

ಅಮೃತಬಳ್ಳಿ ಕಷಾಯ ಕುಡಿದು ಇಮ್ಯೂನಿಟಿ ಹೆಚ್ಚಿಸ್ಕೊಂಡ್ರೆ ಮಲೇರಿಯಾ ತಡೀಬಹುದಾ?

ನಮ್ಮ ಮನೇಲೂ ಕಷಾಯ ದಿನಾ ಆಗುತ್ತೆ, ಕುಡೀರಿ, ಬೇಡ ಅನ್ನಲ್ಲ. ಆದ್ರೆ ಸ್ಪೋರೊಜೊಯಿಟ್ ಲಿವರ್ ಸೇರೋದನ್ನ ಯಾವ ಕಷಾಯವೂ ನಿಲ್ಸಲ್ಲ. ಕಷಾಯ ಕುಡ್ಕೊಂಡು ನಾಲ್ಕು ದಿನ ನೋಡೋಣ ಅಂತ ಕೂತವರು ಕೆಟ್ಟಿದ್ದನ್ನ ಕಂಡಿದೀನಿ, ಆ ನಾಲ್ಕು ದಿನದಲ್ಲಿ ರೋಗಾಣು ಎರಡು ಸುತ್ತು ಮುಗಿಸಿರುತ್ತೆ, ಒಂದೊಂದು ಸುತ್ತಿಗೂ ಎಷ್ಟೋ ಪಟ್ಟು.

ಇನ್ನೊಂದು ವಿಷಯ, ಕಾವಲು ಹೆಚ್ಚಾದಷ್ಟೂ ಒಳ್ಳೇದು ಅನ್ನೋದೇ ತಪ್ಪು. ತಲೆಗೆ ಏರೋ ಮಲೇರಿಯಾದಲ್ಲಿ ಅರ್ಧ ಹಾನಿ ಅಂಟಿಕೊಂಡ ರಕ್ತಕಣದಿಂದ ಆದ್ರೆ ಇನ್ನರ್ಧಕ್ಕೆ ನಮ್ಮದೇ ಉರಿಯೂತ ಸೇರ್ಕೊಳ್ಳುತ್ತೆ. ಮಲೇರಿಯಾ ಹೆಚ್ಚಿರೋ ಊರಲ್ಲಿ ಹುಟ್ಟಿ ಬೆಳೆದ ದೊಡ್ಡವರ ರಕ್ತದಲ್ಲಿ ರೋಗಾಣು ಇದ್ರೂ ಜ್ವರ ಇರಲ್ಲ, ಅವರ ಕಾವಲು ಎಷ್ಟು ಬೊಗಳಬೇಕು ಅನ್ನೋದನ್ನ ಕಲಿತಿರುತ್ತೆ. ಹೊರಗಿಂದ ಮೀನುಗಾರಿಕೆಗೆ, ಕಟ್ಟಡ ಕೆಲಸಕ್ಕೆ ನಮ್ಮ ಕಡೆ ಬರೋರಲ್ಲಿ ಕೆಲವರು ಹಾಗೆ ಇರಬಹುದು, ಜ್ವರ ಇಲ್ಲದೇ ರೋಗಾಣು ಹೊತ್ತಿರ್ತಾರೆ. ಅದಕ್ಕೆ ಅವರನ್ನ ದೂರೋದು ಅನ್ಯಾಯ, ಬಂದ ವಾರದಲ್ಲೇ ಅವರ ರಕ್ತ ಪರೀಕ್ಷೆ ಮಾಡ್ಸಿ, ಮಲಗೋಕೆ ಸೊಳ್ಳೆಪರದೆ ಕೊಡೋದು ಕೆಲಸಕ್ಕೆ ಕರೆಸಿದವರ ಹೊಣೆ.

ಸೊಳ್ಳೆಗೇ ಯಾಕೆ ಕಾಯಿಲೆ ಬರಲ್ಲ?

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು, ದೊಡ್ಡವರು ಯಾರೂ ಕೇಳಿರಲಿಲ್ಲ. ಸೊಳ್ಳೆಯ ಮೈಯಲ್ಲೂ ಕಾಳಗ ನಡೆಯುತ್ತೆ. ಸೊಳ್ಳೆಗೆ ನಮ್ಮ ಥರ ಕಲಿಯೋ ರಕ್ಷಣೆ ಇಲ್ಲ, ಹುಟ್ಟಿನ ಕಾವಲು ಮಾತ್ರ. ರೋಗಿಯ ರಕ್ತ ಕುಡಿದಾಗ ಹೊಟ್ಟೆಗೆ ಹೋದ ರೋಗಾಣುವಿನಲ್ಲಿ ಕರುಳಿನ ಗೋಡೆ ದಾಟಿ ಗಂಟು ಕಟ್ಟೋದು ಹೆಚ್ಚಿನ ಸಲ ಬೆರಳೆಣಿಕೆಯಷ್ಟು ಮಾತ್ರ. ಟಿಇಪಿ1 ಅಂತ ಒಂದು ಪ್ರೋಟೀನ್ ಇದೆ, ನಮ್ಮ ಕಾಂಪ್ಲಿಮೆಂಟಿನ ದೂರದ ಸಂಬಂಧಿ, ಅದು ರೋಗಾಣುವಿಗೆ ಅಂಟಿ ಕೊಲ್ಲುತ್ತೆ, ಕೆಲವನ್ನ ಕಪ್ಪು ಮೆಲನಿನ್ ಸುತ್ತಿ ಸಮಾಧಿ ಮಾಡುತ್ತೆ. ಉಳಿದವು 10ರಿಂದ 14 ದಿನದಲ್ಲಿ ಎಂಜಲ ಗ್ರಂಥಿಗೆ ಬರ್ತಾವೆ. ಸೊಳ್ಳೆಯ ಆಯಸ್ಸೇ ಕೆಲವು ವಾರ, ಹಾಗಾಗಿ ರೋಗ ಹರಡೋದು ವಯಸ್ಸಾದ ಸೊಳ್ಳೆ ಮಾತ್ರ. ಎಲ್ಲ ಸೊಳ್ಳೆ ಕೊಲ್ಲೋಕೆ ಆಗದೇ ಇದ್ರೂ ಅದು ಮುದಿಯಾಗೋ ಮೊದಲು ಸಾಯೋ ಹಾಗೆ ಮಾಡಿದ್ರೆ ಸಾಕು.

ಗೋಡೆಗೆ ಔಷಧಿ ಹೊಡೆಯೋದರ ಲೆಕ್ಕ ಇದೇ. 1940ರ ದಶಕದಲ್ಲಿ ನಮ್ಮ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದ ಕೆನರಾ ಆಗಿದ್ದಾಗ ಡಾಕ್ಟರ್ ಡಿ.ಕೆ. ವಿಶ್ವನಾಥನ್ ಅವರ ತಂಡ ಕೆನರಾ ಮತ್ತು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಒಳಗೋಡೆಗೆ ಡಿಡಿಟಿ ಹೊಡೆದು ಮಲೇರಿಯಾ ಇಳಿಸಿದ್ರು, ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು ಆಮೇಲೆ, 1953ರಲ್ಲಿ. ಮಲೆನಾಡಿನ ಊರುಗಳು ಜ್ವರಕ್ಕೆ ಹೆದರಿ ಖಾಲಿಯಾಗ್ತಿದ್ದ ಕಥೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅದರ ಔಷಧಿಯ ದೊಡ್ಡ ಪ್ರಯೋಗವೊಂದು ನಮ್ಮ ಮಣ್ಣಿನಲ್ಲೇ ಆಗಿದ್ದು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು.

ಆನೆಕಾಲು ರೋಗವೂ ಸೊಳ್ಳೆಯದ್ದೇ ಅಲ್ವಾ? ಅಷ್ಟು ದೊಡ್ಡ ಹುಳ ದೇಹಕ್ಕೆ ಗೊತ್ತಾಗದೇ ಹೇಗಿರುತ್ತೆ?

ಹೌದು, ಕ್ಯುಲೆಕ್ಸ್ ಸೊಳ್ಳೆ, ಚರಂಡಿ ನೀರಿನದ್ದು. ಇಲ್ಲಿ ರೋಗಾಣು ಒಂದು ಕೋಶದ ಜೀವಿ ಅಲ್ಲ, ದಾರದಂಥ ಹುಳ, ಹೆಣ್ಣು 8ರಿಂದ 10 ಸೆಂಟಿಮೀಟರ್ ಉದ್ದ. ದುಗ್ಧನಾಳದಲ್ಲಿ, ಅಂದ್ರೆ ನಮ್ಮ ಬಿಳಿ ರಕ್ತಕಣಗಳು ಓಡಾಡೋ ದಾರಿಯಲ್ಲೇ, ಐದಾರು ವರ್ಷ ಆರಾಮಾಗಿ ಬದುಕುತ್ತೆ. ಹೇಗೆ ಅಂದ್ರೆ ಅದು ಹೊರಬಿಡೋ ಪ್ರೋಟೀನ್‌ಗಳು ಕಾವಲಿಗೆ ಜೋಗುಳ ಹಾಡ್ತಾವೆ, ಐಎಲ್-10 ಅನ್ನೋ ಶಾಂತಿ ಸಂದೇಶ ಹೆಚ್ಚಾಗುತ್ತೆ, ನುಂಗೋ ಕಣಗಳು ಸುಮ್ಮನಾಗ್ತಾವೆ. ಹುಳ ಜೀವಂತ ಇದ್ದಷ್ಟು ದಿನ ಎಷ್ಟೋ ಜನರಿಗೆ ಹೊರಗೆ ಏನೂ ಕಾಣಲ್ಲ.

ಹುಳ ಸತ್ತಾಗ ಗಲಾಟೆ. ಅದರ ಮೈಯೊಳಗೆ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ವಾಸ ಇರುತ್ತೆ, ಹುಳ ಸತ್ತರೆ ಅದು ಹೊರಬೀಳುತ್ತೆ, ಬ್ಯಾಕ್ಟೀರಿಯಾ ಕಂಡ ಕೂಡ್ಲೆ ಮಲಗಿದ್ದ ಕಾವಲು ಎದ್ದು ಉರಿಯೂತ ಶುರು. ಮೇಲಿಂದ ಮೇಲೆ ಹೀಗಾಗಿ ನಾಳ ಹಾಳಾಗುತ್ತೆ, ನೀರು ನಿಲ್ಲುತ್ತೆ, ಕಾಲು ದಪ್ಪ ಆಗುತ್ತೆ. ಊದಿದ ಕಾಲಿನ ಬಿರುಕಿಂದ ಬೇರೆ ಬ್ಯಾಕ್ಟೀರಿಯಾ ಸೇರಿದ್ರೆ ಇನ್ನೂ ಜಾಸ್ತಿ, ಅದಕ್ಕೆ ದಿನಾ ಸೋಪು ನೀರಲ್ಲಿ ಕಾಲು ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ ಅನ್ನೋದು. ಬಡವರ ಕಾಲು ಉಳಿಸೋದು ಇದೇ, ದಯವಿಟ್ಟು ಹಗುರವಾಗಿ ತಗೋಬೇಡಿ. ಒಂದೆರಡು ಸಲ ಸೊಳ್ಳೆ ಕಚ್ಚಿದ್ರೆ ಆನೆಕಾಲು ಬರಲ್ಲ, ತಿಂಗಳು ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಬೇಕು.

ಆನೆಕಾಲಿನ ಮಾತ್ರೆ ತಿಂದ್ರೆ ಜ್ವರ ಬರುತ್ತೆ, ಅದಕ್ಕೇ ನಾವು ತಿನ್ನಲ್ಲ. ಸರಿನಾ?

ಮಾತ್ರೆ ಹಂಚೋಕೆ ಬಂದ ಆಶಾ ಅಕ್ಕನ ಮುಂದೆ ಹೂಂ ಅಂದು, ಅವರು ಹೋದ್ಮೇಲೆ ಹಿತ್ತಿಲಿಗೆ ಎಸೆಯೋದನ್ನ ನೋಡಿದೀನಿ. ಆ ಜ್ವರ ಹೆಚ್ಚಿನ ಸಲ ಮಾತ್ರೆಯ ವಿಷ ಅಲ್ಲ, ರಕ್ತದಲ್ಲಿರೋ ಮರಿಹುಳ ಸಾಯ್ತಿರೋದರ ಗುರುತು. ಈ ಡಿಇಸಿ ಮಾತ್ರೆಯ ಕೆಲಸ ವಿಚಿತ್ರ, ಗಾಜಿನ ತಟ್ಟೆಯಲ್ಲಿ ಮರಿಹುಳದ ಮೇಲೆ ಹಾಕಿದ್ರೆ ಹೆಚ್ಚೇನೂ ಆಗಲ್ಲ, ಮೈಯೊಳಗೆ ಹೋದ್ರೆ ಕೆಲವೇ ಗಂಟೆಯಲ್ಲಿ ರಕ್ತದಿಂದ ಮಾಯ ಆಗ್ತಾವೆ. ಯಾಕಂದ್ರೆ ಅದು ನೇರವಾಗಿ ಕೊಲ್ಲೋದಕ್ಕಿಂತ ನಮ್ಮದೇ ಸಹಜ ಕಾವಲಿನ ಕಣಗಳು ಮರಿಹುಳವನ್ನ ಹಿಡಿಯೋ ಹಾಗೆ ಮಾಡುತ್ತೆ. ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತೆ, ಜಾಸ್ತಿ ಆದ್ರೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, ತೀರಾ ಕಾಯಿಲೆ ಇರೋರು ಬಿಟ್ಟು ಉಳಿದವರು ತಿನ್ಬೇಕು.

ಈ ಮರಿಹುಳಗಳು ರಾತ್ರಿ ಹತ್ತರಿಂದ ಎರಡರ ತನಕ ಮಾತ್ರ ಹೆಚ್ಚಾಗಿ ಹೊರರಕ್ತಕ್ಕೆ ಬರ್ತಾವೆ, ಕ್ಯುಲೆಕ್ಸ್ ಕಚ್ಚೋ ಹೊತ್ತಿಗೆ ಸರಿಯಾಗಿ. ನಾವು ರಾತ್ರಿ ಬ್ಯಾಟರಿ ಹಿಡ್ಕೊಂಡು ಮನೆ ಮನೆಗೆ ರಕ್ತ ಕೇಳ್ತಾ ಬರ್ತಿದ್ದಿದ್ದು ಅದಕ್ಕೇ, ಬೈಸ್ಕೊಂಡಿದ್ದೂ ಅದಕ್ಕೇ.

ಮಂಗನ ಕಾಯಿಲೆಯೂ ಇದೇ ಥರದ್ದಾ?

ಅಲ್ಲ. ಅದು ವೈರಸ್, ತರೋದು ಉಣುಗು, ಉಣುಗು ಕೀಟವೂ ಅಲ್ಲ, ದೊಡ್ಡದಾದ್ಮೇಲೆ ಎಂಟು ಕಾಲು, ಜೇಡದ ಬಳಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ನಮ್ಮಲ್ಲಿ ಸಿದ್ದಾಪುರದ ಕಡೆಯವರಿಗೆ ಹೇಳಬೇಕಾಗೇ ಇಲ್ಲ. ಬೆಟ್ಟಕ್ಕೆ ಸೊಪ್ಪು, ದರಕಿಗೆ ಹೋಗುವಾಗ ಮೈಗೆ ಉಣುಗು ಓಡಿಸೋ ಡೆಪಾ (DEPA) ಎಣ್ಣೆ ಹಚ್ಚಿ, ಬಂದ ಕೂಡ್ಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಡೆಂಗ್ಯೂ, ಚಿಕೂನ್‌ಗುನ್ಯಾನೂ ವೈರಸ್ಸೇ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರು ಅವುಗಳ ಸೊಳ್ಳೆಗೆ ತೊಟ್ಟಿಲು.

ದನಕ್ಕೆ ಬರೋ ಸರ್ರಾ ರೋಗ ಮನುಷ್ಯರಿಗೆ ಯಾಕೆ ಬರಲ್ಲ?

ಒಳ್ಳೇ ಪ್ರಶ್ನೆ. ದನಕ್ಕೆ ಕಚ್ಚೋ ದೊಡ್ಡ ನೊಣ ಟ್ರಿಪನೊಸೋಮಾ ಎವಾನ್ಸಿ ಅನ್ನೋ ರೋಗಾಣು ಹೊತ್ತು ತರುತ್ತೆ, ನಮಗೂ ಕಚ್ಚುತ್ತೆ, ಆದ್ರೆ ನಮ್ಮ ರಕ್ತದಲ್ಲಿ ಎಪಿಒಎಲ್1 ಅನ್ನೋ ಪ್ರೋಟೀನ್ ಇದೆ, ಹುಟ್ಟಿನಿಂದಲೇ. ರೋಗಾಣು ಅದನ್ನ ಆಹಾರ ಅಂತ ಒಳಗೆ ಎಳ್ಕೊಳ್ಳುತ್ತೆ, ಅದು ಒಳಗೆ ತೂತು ಕೊರೆದು ಕೊಲ್ಲುತ್ತೆ. 2004ರ ಹೊತ್ತಿಗೆ ಮಹಾರಾಷ್ಟ್ರದ ಒಬ್ಬ ರೈತರ ರಕ್ತದಲ್ಲಿ ಈ ರೋಗಾಣು ಸಿಕ್ಕಾಗ ಎಲ್ಲರಿಗೂ ಆಶ್ಚರ್ಯ, ಪರೀಕ್ಷೆ ಮಾಡಿದ್ರೆ ಅವರ ರಕ್ತದಲ್ಲಿ ಆ ಒಂದು ಪ್ರೋಟೀನ್ ಇರಲೇ ಇಲ್ಲ. ಔಷಧಿಯಿಂದ ಗುಣ ಆದ್ರು. ಕೊಟ್ಟಿಗೆಯಲ್ಲಿ ನಾವು ದಿನಾ ನೊಣ ಓಡಿಸ್ತಾ ನಿಶ್ಚಿಂತೆಯಿಂದ ಹಾಲು ಕರೀತೀವಲ್ಲ, ಅದರ ಹಿಂದೆ ಹೆಸರೂ ಗೊತ್ತಿಲ್ಲದ ಒಂದು ಪ್ರೋಟೀನ್ ಇದೆ.

ಮಲೇರಿಯಾಕ್ಕೆ ಲಸಿಕೆ ಬಂದಿದೆಯಂತೆ, ನಮಗೆ ಸಿಗುತ್ತಾ?

ಬಂದಿದೆ. ಆರ್‌ಟಿಎಸ್,ಎಸ್ ಅನ್ನೋದಕ್ಕೆ 2021ರಲ್ಲಿ, ಆರ್21ಕ್ಕೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿದೆ, ಆರ್21 ತಯಾರಾಗೋದು ಪುಣೆಯಲ್ಲೇ, ಆದ್ರೆ ಹಾಕ್ತಿರೋದು ಆಫ್ರಿಕಾದ ಮಕ್ಕಳಿಗೆ. ಎರಡೂ ಸ್ಪೋರೊಜೊಯಿಟ್ ಚರ್ಮದಿಂದ ಲಿವರಿಗೆ ಹೋಗೋ ಅದೇ ಚಿಕ್ಕ ಹೊತ್ತಿನಲ್ಲಿ ಹಿಡಿಯೋಕೆ ಮಾಡಿದ್ದು. ಒಂದೇ ಒಂದು ತಪ್ಪಿಸಿಕೊಂಡ್ರೂ ಸಾಕು, ಕಷ್ಟ ಇರೋದು ಅಲ್ಲೇ.

ಟೆಸ್ಟ್ ನೆಗೆಟಿವ್ ಬಂತು, ಜ್ವರ ಬಿಟ್ಟಿಲ್ಲ. ಏನ್ ಮಾಡೋದು?

ಮತ್ತೆ ಮಾಡ್ಸಿ. ಮರುದಿನ, ಅದರ ಮರುದಿನ. ನಮ್ಮ ಕಾವಲು ತೀರಾ ಸ್ವಲ್ಪ ರೋಗಾಣುವಿಗೂ ಜ್ವರ ಎಬ್ಬಿಸುತ್ತೆ, ಮೊದಲ ಸಲ ಮಲೇರಿಯಾ ಬಂದವರಲ್ಲಂತೂ ಹೌದು, ಆದ್ರೆ ಮೈಕ್ರೊಸ್ಕೋಪಿಗೆ ಕಾಣ್ಬೇಕಾದ್ರೆ ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು ಐವತ್ತಾದ್ರೂ ಇರ್ಬೇಕು. ಫಾಲ್ಸಿಪಾರಂ ಆದ್ರೆ ಅರ್ಧ ಹೊತ್ತು ಅಂಗಗಳ ನಾಳದಲ್ಲಿ ಅಂಟಿ ಕೂತಿರುತ್ತೆ, ಬೆರಳ ತುದಿಯ ರಕ್ತದಲ್ಲಿ ಸಿಗಲ್ಲ. ದಪ್ಪ ಲೇಪನದ ಸ್ಲೈಡಿನಲ್ಲಿ ನೂರು ಫೀಲ್ಡ್ (ಮೈಕ್ರೊಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣೋ ಜಾಗ ಒಂದು ಫೀಲ್ಡ್) ನೋಡದೇ ನೆಗೆಟಿವ್ ಅಂತ ಬರೀಬಾರದು ಅಂತ ನನಗೆ ಕಲಿಸಿದ್ರು, ಒಂದ್ಸಲ ಜನ ಜಾಸ್ತಿ ಇದ್ದ ದಿನ ಅರವತ್ತಕ್ಕೇ ನಿಲ್ಸಿ ಬರೆದುಕೊಟ್ಟಿದ್ದೆ. ಆ ಹುಡುಗ, ಬೋಟಿನವನು, ಐದು ದಿನ ಬಿಟ್ಟು ಕಣ್ಣು ಹಳದಿ ಮಾಡ್ಕೊಂಡು ಬಂದ. ಬದುಕಿದ. ಆವತ್ತು ರಾತ್ರಿ ನಾನು ಹಳೇ ಸ್ಲೈಡ್ ತೆಗೆದು ಮತ್ತೆ ನೋಡಿದೆ, ಎಂಬತ್ತೆರಡನೇ ಫೀಲ್ಡಿನಲ್ಲಿ ಉಂಗುರದ ಹಾಗೆ ಕಾಣೋ ಎಳೆ ರೋಗಾಣು ಒಂದೇ ಒಂದು ಇತ್ತು.